ಮಳೆಯ ಲೆಕ್ಕದ ಹೂದೋಟ: ಮಲೆನಾಡಿನ ಅಂಗಳದ ಒಂದು ವರ್ಷ

ತೋಟಗಾರಿಕೆಯ ಕೈಪಿಡಿಗಳಲ್ಲಿ ಹೆಚ್ಚಿನವು ಬಯಲುಸೀಮೆಯನ್ನೋ ಉತ್ತರ ಭಾರತದ ಸಮತಟ್ಟು ನೆಲವನ್ನೋ ಕಣ್ಣೆದುರಿಟ್ಟುಕೊಂಡು ಬರೆದವಾದ್ದರಿಂದ, ಅವುಗಳಲ್ಲಿ ಚಳಿಗಾಲವೇ ಹೂವಿನ ಕಾಲ. ಮಳೆಗಾಲವೆಂದರೆ ಗಿಡಗಳನ್ನು ಹೇಗೋ ಉಳಿಸಿಕೊಳ್ಳಬೇಕಾದ ಕಾಲ. ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಮನೆಯಂಗಳಗಳಲ್ಲಿ ಈ ಕ್ರಮ ಬಹುಮಟ್ಟಿಗೆ ತಿರುವುಮುರುವಾಗುತ್ತದೆ. ಇಲ್ಲಿ ಅಂಗಳ ಬಣ್ಣದಿಂದ ತುಂಬುವುದು ಆಷಾಢ, ಶ್ರಾವಣ, ಭಾದ್ರಪದಗಳಲ್ಲಿ. ಚಳಿಗಾಲದಲ್ಲಿ ಅದೇ ಅಂಗಳ ಅಡಿಕೆ ಒಣಗಿಸುವುದಕ್ಕೆ ಮೀಸಲಾಗಿ ಹೂಗಿಡಗಳು ಅಂಚಿಗೆ ಸರಿಯುತ್ತವೆ. ಡೇರೆಯ, ಅಂದರೆ ಡಾಲಿಯಾ ಹೂವಿನ, ಗಡ್ಡೆಯನ್ನು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ನೆಡಬೇಕೆಂಬ ಪುಸ್ತಕದ ಸಲಹೆ ದೆಹಲಿಯ ಮನೆಗೆ ಸರಿಯಾದದ್ದೇ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಂಥ ಊರಿನಲ್ಲಿ ಅದನ್ನು ಪಾಲಿಸಿದರೆ ಗಿಡ ಬೆಳೆಯಬೇಕಾದ ಹೊತ್ತಿಗೆ ಮಳೆ ಮುಗಿದಿರುತ್ತದೆ, ಹಗಲು ಕಿರಿದಾಗಿರುತ್ತದೆ, ಗಡ್ಡೆ ಮಲಗಲು ಸಿದ್ಧವಾಗಿರುತ್ತದೆ. ಮಲೆನಾಡಿನ ಹೂದೋಟದಲ್ಲಿ ಋತುವನ್ನು ಅಳೆಯಬೇಕಾದದ್ದು ಚಳಿ ಮತ್ತು ಸೆಖೆಗಳಿಂದ ಅಲ್ಲ, ನೀರಿನಿಂದ. ಯಾವ ಗಿಡ ಯಾವಾಗ ನೀರು ಕುಡಿಯಬೇಕು, ಯಾವಾಗ ಒಣಗಿ ವಿಶ್ರಮಿಸಬೇಕು ಎಂಬುದನ್ನು ತಿಳಿದವರಿಗೆ ಉಳಿದದ್ದೆಲ್ಲ ಕೈಕೆಲಸ ಮಾತ್ರ.

ಈ ಲೆಕ್ಕಕ್ಕೆ ಇಂಗ್ಲಿಷ್ ತಿಂಗಳುಗಳಿಗಿಂತ ಮಳೆ ನಕ್ಷತ್ರಗಳ ಪಂಚಾಂಗವೇ ಹೆಚ್ಚು ಅನುಕೂಲ. ಸೂರ್ಯನು 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುವಾಗ ಪ್ರತಿಯೊಂದರಲ್ಲಿ 13–14 ದಿನ ಇರುತ್ತಾನೆಂದು ಎಣಿಸಿ, ಆ ಅವಧಿಯಲ್ಲಿ ಸುರಿಯುವ ಮಳೆಯನ್ನು ಆಯಾ ನಕ್ಷತ್ರದ ಹೆಸರಿನಿಂದ ಕರೆಯುವುದು ರೂಢಿ. ರೋಹಿಣಿ ಮಳೆ ಮೇ 25ರ ಸುಮಾರಿಗೆ ಹುಟ್ಟುತ್ತದೆ. ಮೃಗಶಿರ ಜೂನ್ 8ಕ್ಕೆ, ಆರ್ದ್ರೆ ಜೂನ್ 22ಕ್ಕೆ, ಪುನರ್ವಸು ಜುಲೈ 6ಕ್ಕೆ, ಪುಷ್ಯ ಜುಲೈ 20ಕ್ಕೆ, ಆಶ್ಲೇಷ ಆಗಸ್ಟ್ 3ಕ್ಕೆ, ಮಘೆ ಆಗಸ್ಟ್ 17ಕ್ಕೆ, ಒಂದು ದಿನದ ಹೆಚ್ಚುಕಡಿಮೆಯಲ್ಲಿ ಬರುತ್ತವೆ. ಸೌರಮಾನದ ಲೆಕ್ಕವಾದ್ದರಿಂದ ಚಾಂದ್ರಮಾನದ ಹಬ್ಬಗಳಂತೆ ಇವು ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಓಡುವುದಿಲ್ಲ, ಹೀಗಾಗಿ ಬಿತ್ತನೆಯ ದಿನವನ್ನು ಗುರುತಿಟ್ಟುಕೊಳ್ಳಲು ತಕ್ಕವು. ಆದರೆ ನಕ್ಷತ್ರ ಒಂದೇ ಆದರೂ ಮಳೆ ಒಂದೇ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಸುರಿಯುತ್ತದೆ, ಹೊಸನಗರ ತಾಲ್ಲೂಕಿನ ಹುಲಿಕಲ್ ಅದಕ್ಕೆ ಪೈಪೋಟಿ ಕೊಡುತ್ತದೆ. ಘಟ್ಟದ ಅಂಚಿನಿಂದ ಪೂರ್ವಕ್ಕೆ ಸರಿದಂತೆ ಮಳೆ ಬೇಗಬೇಗನೆ ಇಳಿದು, ಸಾಗರ ತಾಲ್ಲೂಕಿನ ಆನಂದಪುರ, ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಗಳ ಹೊತ್ತಿಗೆ ಅದರ ಒಂದು ಪಾಲಷ್ಟೇ ಉಳಿದಿರುತ್ತದೆ. ಆದ್ದರಿಂದ ಕೆಳಗೆ ಹೇಳುವ ಕ್ರಮಗಳನ್ನು ಆನಂದಪುರದ ಓದುಗರು ಬಯಲಿನ ಮಡಿಯಲ್ಲಿಯೂ, ಹೊಸನಗರ ತಾಲ್ಲೂಕಿನ ನಗರ ಅಥವಾ ಆಗುಂಬೆ ಕಡೆಯ ಓದುಗರು ಸೂರಿನ ಆಸರೆಯಲ್ಲಿಯೂ ಅನುಸರಿಸುವುದು ಮೇಲು.

ಮಲೆನಾಡಿನ ಮಳೆಗಾಲದ ಹೂವುಗಳಲ್ಲಿ ಮೊದಲ ಮಣೆ ಡೇರೆಗೆ. ಮೆಕ್ಸಿಕೋದ ಎತ್ತರದ ಪ್ರದೇಶಗಳಲ್ಲಿ ಹುಟ್ಟಿದ ಈ ಗಿಡ 18ನೆಯ ಶತಮಾನದ ಕೊನೆಯಲ್ಲಿ ಸ್ಪೇನಿನ ಮ್ಯಾಡ್ರಿಡ್ ಸಸ್ಯೋದ್ಯಾನವನ್ನು ತಲುಪಿತು. ಅಲ್ಲಿನ ಸಸ್ಯಶಾಸ್ತ್ರಜ್ಞ ಕವನಿಲ್ಲೆಸ್ 1791ರಲ್ಲಿ ಸ್ವೀಡನ್ನಿನ ಆಂಡರ್ಸ್ ಡಾಲ್ ಅವರ ನೆನಪಿಗೆ ಅದಕ್ಕೆ ಡಾಲಿಯಾ ಎಂಬ ಹೆಸರಿಟ್ಟ ಮೇಲೆ ಅದು ಜಗತ್ತಿನ ತೋಟಗಳಿಗೆಲ್ಲ ಹರಡಿತು. ಸಾಗರ ಸೀಮೆಯ ಹೆಂಗಳೆಯರ ಬಾಯಲ್ಲಿ ಅದು ಡೇರೆಯಾಗಿ, ಹಳ್ಳಿಹಳ್ಳಿಯಲ್ಲಿ ಮನೆತನದ ಸೊತ್ತಿನಂತೆ ಉಳಿದಿರುವುದಕ್ಕೆ ಹವಾಮಾನದ ಒಂದು ಸಾಮ್ಯ ಕಾರಣವೆನ್ನಬಹುದು. ಮೆಕ್ಸಿಕೋದ ಆ ಎತ್ತರದ ನೆಲದಲ್ಲಿಯೂ ಮಳೆ ಬೀಳುವುದು ಜೂನ್‌ನಿಂದ ಸೆಪ್ಟೆಂಬರಿನವರೆಗೆ. ಆಗ ತಂಪು, ಆಮೇಲೆ ಹಲವು ತಿಂಗಳ ಒಣ ಹವೆ. ಮಲೆನಾಡಿನಲ್ಲಿ ಜುಲೈ ತಿಂಗಳ ಹಗಲು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಂತುಬಿಡುವುದರಿಂದ ಗಿಡಕ್ಕೆ ತವರಿನ ಹವೆಯೇ ಸಿಕ್ಕಂತಾಗುತ್ತದೆ. ತವರಿಗೂ ಇಲ್ಲಿಗೂ ಇರುವ ಒಂದೇ ದೊಡ್ಡ ವ್ಯತ್ಯಾಸ ಮಳೆಯ ಪ್ರಮಾಣ. ಡೇರೆ ಸಾಕುವುದರ ಕಷ್ಟವೆಲ್ಲ ಈ ಹೆಚ್ಚುವರಿ ನೀರನ್ನು ಬೇರಿನಿಂದ ದೂರವಿಡುವುದರಲ್ಲೇ ಇದೆ.

ಗಡ್ಡೆಯ ರಚನೆಯನ್ನು ತಿಳಿಯದೆ ನೆಟ್ಟವರು ಮೊದಲ ವರ್ಷವೇ ನಿರಾಶರಾಗುವುದುಂಟು. ಆಲೂಗಡ್ಡೆ ಕಾಂಡದ ರೂಪಾಂತರವಾದ್ದರಿಂದ ಅದರ ಮೈಮೇಲೆಲ್ಲ ಕಣ್ಣುಗಳಿದ್ದು, ಕಣ್ಣಿರುವ ಯಾವ ಹೋಳನ್ನು ನೆಟ್ಟರೂ ಚಿಗುರುತ್ತದೆ. ಡೇರೆಯ ಗಡ್ಡೆಯಾದರೋ ಆಹಾರ ತುಂಬಿಕೊಂಡು ದಪ್ಪಗಾದ ಬೇರು, ಅದರ ಮೈಯಲ್ಲಿ ಕಣ್ಣಿರುವುದಿಲ್ಲ. ಮೊಳಕೆ ಒಡೆಯುವ ಕಣ್ಣುಗಳಿರುವುದು ಗಡ್ಡೆಯ ಕತ್ತು ಹಳೆಯ ಕಾಂಡದ ಬುಡಕ್ಕೆ ಕೂಡುವ ಗಂಟಿನಲ್ಲಿ ಮಾತ್ರ. ಆದಕಾರಣ ಗೊಂಚಲನ್ನು ಬಿಡಿಸುವಾಗ ಪ್ರತಿ ಗಡ್ಡೆಯೊಡನೆ ಹಳೆಯ ಬುಡದ ಒಂದು ಚೂರಾದರೂ ಬರುವಂತೆ ಹರಿತವಾದ ಚಾಕುವಿನಿಂದ ಕೊಯ್ಯಬೇಕು. ಕತ್ತು ಮುರಿದು ಜೋತಾಡುವ ಗಡ್ಡೆ ನೋಡಲು ಎಷ್ಟು ದಪ್ಪವಾಗಿದ್ದರೂ ಅದನ್ನು ಎಸೆಯುವುದೇ ಸರಿ. ಬೇಸಿಗೆಯಲ್ಲಿ ಕಣ್ಣು ಕಾಣದಿದ್ದರೆ ಅವಸರ ಬೇಡ. ಏಪ್ರಿಲ್ ಕೊನೆಯ, ಮೇ ತಿಂಗಳ ಅಡ್ಡಮಳೆಗಳು ಬಿದ್ದು ಗಾಳಿಯಲ್ಲಿ ತೇವವೇರಿದಾಗ ಗಂಟಿನ ಸುತ್ತ ಕೆಂಪು ಅಥವಾ ಹಸಿರು ಗುಬುಟುಗಳು ತಾವಾಗಿ ಎದ್ದು ಕಾಣುತ್ತವೆ, ಆಗ ಬಿಡಿಸಿದರೆ ಕಣ್ಣು ತಪ್ಪುವ ಭಯವಿಲ್ಲ.

ನಾಟಿಗೆ ತಕ್ಕ ಸಮಯ ಮೇ ನಡುವಿನಿಂದ ರೋಹಿಣಿ ಮಳೆಯ ಕೊನೆಯವರೆಗೆ. ನೆಟ್ಟ ಗಡ್ಡೆ ಹೂವಿಗೆ ಬರಲು ಸಾಮಾನ್ಯವಾಗಿ ಎರಡೂವರೆಯಿಂದ ಮೂರು ತಿಂಗಳು ಹಿಡಿಯುವುದರಿಂದ, ಮೇ ನಡುವಿನಲ್ಲಿ ನೆಟ್ಟದ್ದು ಆಗಸ್ಟ್ ಆರಂಭಕ್ಕೂ, ರೋಹಿಣಿಯಲ್ಲಿ ನೆಟ್ಟದ್ದು ಆಗಸ್ಟ್ ಕೊನೆಗೂ ಅರಳಿ, ಶ್ರಾವಣದ ಪೂಜೆಗಳಿಂದ ಚೌತಿಯವರೆಗೆ ಹೂವು ಒದಗುತ್ತದೆ. ತಡಮಾಡಿ ಆರ್ದ್ರೆಯ ಧೋ ಮಳೆಯಲ್ಲಿ ನೆಟ್ಟರೆ ಎಳೆ ಮೊಳಕೆ ಮಣ್ಣೊಳಗೇ ಕೊಳೆಯುವ ಸಂಭವ ಹೆಚ್ಚು. ಮಳೆ ಹಿಡಿಯುವ ಹೊತ್ತಿಗೆ ಗಿಡ ಗೇಣುದ್ದವಾದರೂ ಎದ್ದು ನಿಂತಿರಬೇಕು. ನೆಲದಲ್ಲಿ ನೆಡುವವರು ಮೊಳದಗಲದ ಏರು ಕಟ್ಟಿ, ಎರಡು ಏರುಗಳ ನಡುವೆ ನೀರು ಇಳಿದುಹೋಗುವ ಕಾಲುವೆ ಬಿಡುವುದು ವಾಡಿಕೆ. ಹೆಚ್ಚು ಮಳೆಯ ಊರುಗಳಲ್ಲಿ ಗೊಬ್ಬರದ ಖಾಲಿ ಚೀಲಗಳನ್ನು ಮಡಚಿ ಅವುಗಳಲ್ಲಿ ನೆಡುವ ಪದ್ಧತಿ ಬಂದಿದ್ದು, ಅದು ಕಣ್ಣಿಗೆ ಅಷ್ಟು ಅಂದವಲ್ಲದಿದ್ದರೂ ಕೆಲಸಕ್ಕೆ ಬಲು ಒಳ್ಳೆಯದು: ಚೀಲವನ್ನು ಮಳೆಯ ಜೋರು ನೋಡಿ ಸೂರಿನಡಿಗೆ ಎಳೆಯಬಹುದು, ಹೂವು ಬಂದಾಗ ಜಗಲಿಯೆದುರು ತಂದಿಡಬಹುದು, ಕಾಡುಹಂದಿ ಮುಳ್ಳುಹಂದಿಗಳು ಗಡ್ಡೆ ಬಗೆಯುವ ಊರಿನಲ್ಲಿ ಪಾಗಾರದ ಮೇಲೆ ಏರಿಸಿಡಬಹುದು. ಚೀಲದ ಬುಡದಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ನಾಲ್ಕಾರು ತೂತುಗಳಿರಬೇಕು, ಅಡಿಗೆ ಎರಡು ಇಟ್ಟಿಗೆ ಇಟ್ಟು ನೆಲದಿಂದ ಎತ್ತರಿಸಿರಬೇಕು. ಚೀಲ ಅಂಗಳದ ಕೆಸರಿಗೆ ತಾಗಿ ಕುಳಿತರೆ ತೂತಿದ್ದೂ ಇಲ್ಲದಂತೆಯೇ.

ಮಣ್ಣಿನ ವಿಷಯದಲ್ಲಿ ಮಲೆನಾಡಿನ ಮನೆಗಳಿಗೆ ಒಂದು ಅನುಕೂಲ, ಒಂದು ತೊಡಕು. ಸೊಪ್ಪಿನಬೆಟ್ಟ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರಲು ಬೆಳೆಗಾರರಿಗೆ ಬಳಕೆಯ ಸವಲತ್ತಿರುವ ಗುಡ್ಡಗಾಡು, ಮತ್ತು ಕೊಟ್ಟಿಗೆಗಳ ದೆಸೆಯಿಂದ ಕಳಿತ ಗೊಬ್ಬರಕ್ಕೂ ದರಗಿಗೂ, ಅಂದರೆ ಉದುರಿದ ಒಣ ಎಲೆಗೂ, ಕೊರತೆಯಿಲ್ಲ. ತೊಡಕೆಂದರೆ ಜಂಬಿಟ್ಟಿಗೆಯ ಈ ಕೆಂಪು ಮಣ್ಣು ಹುಳಿ ಗುಣದ್ದು. ವರ್ಷವರ್ಷವೂ ಸುರಿಯುವ ಮಳೆ ಸುಣ್ಣದಂಶವನ್ನು ತೊಳೆದೊಯ್ಯುವುದರಿಂದ ಹುಳಿ ಇನ್ನಷ್ಟು ಹೆಚ್ಚುತ್ತದೆ. ಒಂದು ಪಾಲು ಮೇಲ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಅಥವಾ ಪುಡಿಯಾದ ದರಗು ಸೇರಿಸಿ, ನಾಟಿಗೆ ಎರಡು ವಾರ ಮೊದಲೇ ಚೀಲಕ್ಕೊಂದು ಹಿಡಿ ಕೃಷಿಸುಣ್ಣ ಬೆರೆಸಿಟ್ಟರೆ ಸಾಕಾಗುತ್ತದೆ. ಹಸಿ ಸಗಣಿಯನ್ನು ಹಾಕುವುದು ಗಡ್ಡೆಗೆ ಕೊಳೆರೋಗವನ್ನು ಕರೆದಂತೆ. ಗೊಬ್ಬರ ಅತಿಯಾದರೂ ಆಪತ್ತೇ, ಏಕೆಂದರೆ ಸೊಂಪಾಗಿ ಎಲೆ ಬಿಟ್ಟ ಗಿಡ ಹೂವಿಗೆ ತಡಮಾಡುತ್ತದೆ, ಗಾಳಿಗೆ ಮೊದಲು ಮುರಿಯುವುದೂ ಅದೇ.

ಗಿಡಕ್ಕೆ ನಾಲ್ಕು ಜೊತೆ ಎಲೆ ಬಂದಾಗ ತುದಿಯ ಕುಡಿಯನ್ನು ಚಿವುಟಬೇಕು. ಆಗ ಕೆಳಗಿನ ಕಂಕುಳುಗಳಿಂದ ರೆಂಬೆಗಳು ಒಡೆದು ಗಿಡ ಕುಳ್ಳಾಗಿ ಹರವಾಗಿ ಬೆಳೆಯುತ್ತದೆ. ಚಿವುಟಿದ ಕುಡಿ ಮೂರು ನಾಲ್ಕು ಅಂಗುಲ ಉದ್ದವಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಕೆಳಗಿನ ಎಲೆ ತೆಗೆದು ಒದ್ದೆ ಮರಳಿನಲ್ಲಿ ಊರಿ ಸೂರಿನಡಿಯಿಟ್ಟರೆ ಮಳೆಗಾಲದ ತೇವಕ್ಕೆ ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ಹೀಗೆ ಬಂದ ಗಿಡ ತಾಯಿಯನ್ನೇ ಹೋಲುವ ಹೂವು ಕೊಡುತ್ತದೆ. ಬೀಜದಿಂದ ಬೆಳೆಸಿದ್ದು ಹಾಗಲ್ಲ: ಸಾಮಾನ್ಯ ಗಿಡಗಳಲ್ಲಿ ವರ್ಣತಂತುಗಳ ಎರಡು ಕಟ್ಟುಗಳಿದ್ದರೆ ತೋಟದ ಡೇರೆಯಲ್ಲಿ ಅಂಥ ಎಂಟು ಕಟ್ಟುಗಳಿರುವುದರಿಂದ ಗುಣಗಳ ಕಲಸುಮೇಲೋಗರ ಅಪಾರ, ಕೆಂಪು ಗೊಂಡೆಹೂವಿನ ಬೀಜದಿಂದ ಹಳದಿಯ ಒಂಟಿ ಸುತ್ತಿನ ಹೂವು ಬಂದರೆ ಅಚ್ಚರಿಪಡಬೇಕಿಲ್ಲ. ಹೊಸತನ್ನು ಕಾಣುವ ಹಂಬಲವಿರುವವರು ಬೀಜ ಬಿತ್ತಬಹುದು, ಮನೆಯ ಹಳೆಯ ಡೇರೆಯನ್ನು ಉಳಿಸಬೇಕಾದವರು ಗಡ್ಡೆಯನ್ನೋ ಕುಡಿಯನ್ನೋ ನೆಚ್ಚಬೇಕು.

ಮೊಗ್ಗು ಕಾಣಿಸಿದ ಮೇಲೆ ಗಮನವಿಟ್ಟು ನೋಡಿದರೆ ಪ್ರತಿ ಕೊಂಬೆಯ ತುದಿಯಲ್ಲಿ ಮೂರು ಮೊಗ್ಗುಗಳು ಒಟ್ಟಿಗಿರುವುದು ತಿಳಿಯುತ್ತದೆ. ನಡುವಿನದು ಬಟಾಣಿ ಕಾಳಿನಷ್ಟಾದಾಗ ಅಕ್ಕಪಕ್ಕದ ಎರಡನ್ನು ಉಗುರಿನಿಂದ ಚಿವುಟಿ ತೆಗೆದರೆ ಉಳಿದದ್ದು ತಟ್ಟೆಯಗಲಕ್ಕೆ ಅರಳುವ ಜಾತಿಯಲ್ಲಿ ತನ್ನ ಪೂರ್ಣ ಅಳತೆಗೆ ಬರುತ್ತದೆ. ಆದರೆ ಆಗುಂಬೆಯ ಸೀಮೆಯಲ್ಲಿ ಈ ದೊಡ್ಡ ಹೂವಿನ ಆಸೆ ಅಷ್ಟು ಬುದ್ಧಿವಂತಿಕೆಯಲ್ಲ. ದೊಡ್ಡ ಹೂವು ಮಳೆನೀರನ್ನು ಹೀರಿ ತೂಕಕ್ಕೆ ಬಗ್ಗಿ ಬೆನ್ನಿನ ಎಸಳುಗಳಿಂದ ಕೊಳೆಯತೊಡಗುತ್ತದೆ, ಬಿಗಿಯಾದ ಸಣ್ಣ ಗೊಂಡೆಯ ಜಾತಿಗಳೂ ಒಂಟಿ ಸುತ್ತಿನವೂ ಅದೇ ಮಳೆಯಲ್ಲಿ ತಲೆಯೆತ್ತಿ ನಿಲ್ಲುತ್ತವೆ. ದೊಡ್ಡ ಜಾತಿಗಳನ್ನು ಚೀಲದಲ್ಲಿ ಸೂರಿನ ಕೆಳಗೂ ಸಣ್ಣವನ್ನು ಬಯಲಿನಲ್ಲೂ ಇಡುವುದು ಒಳ್ಳೆಯ ಹಂಚಿಕೆ. ಆಸರೆಗೆ ಅಡಿಕೆ ದಬ್ಬೆ, ಅಂದರೆ ಹಳೆಯ ಅಡಿಕೆ ಮರವನ್ನು ಉದ್ದಕ್ಕೆ ಸೀಳಿದ ಪಟ್ಟಿ, ಈ ಸೀಮೆಯಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ಗಡ್ಡೆ ಊರುವಾಗಲೇ ನೆಟ್ಟುಬಿಟ್ಟರೆ ಮುಂದೆ ಗೂಟ ಹೊಡೆಯಲು ಹೋಗಿ ಗಡ್ಡೆಗೆ ಚುಚ್ಚುವ ಪ್ರಮಾದ ತಪ್ಪುತ್ತದೆ. ಬಾಳೆನಾರಿನಿಂದ ಸಡಿಲವಾಗಿ ಎರಡು ಕಡೆ ಕಟ್ಟಿದರೆ ಪುಷ್ಯ, ಆಶ್ಲೇಷಗಳ ಗಾಳಿಯನ್ನು ಗಿಡ ತಾಳಿಕೊಳ್ಳುತ್ತದೆ.

ಶತ್ರುಗಳಲ್ಲಿ ಮೊದಲನೆಯದು ಬಸವನಹುಳು ಮತ್ತು ಚಿಪ್ಪಿಲ್ಲದ ಅದರ ದಾಯಾದಿ. ಹಗಲಿನಲ್ಲಿ ಕಾಣದ ಇವು ಕತ್ತಲಾದ ಮೇಲೆ ಹೊರಟು ಒಂದೇ ರಾತ್ರಿಯಲ್ಲಿ ಎಳೆ ಮೊಳಕೆಯನ್ನು ಬುಡಸಮೇತ ಮೇಯುತ್ತವೆ. ಗಿಡದ ಸುತ್ತ ಬೂದಿ ಸುರಿಯುವುದು ಎಲ್ಲರೂ ಹೇಳುವ ಮದ್ದಾದರೂ ಮಲೆನಾಡಿನ ಮಳೆಯಲ್ಲಿ ಅದು ಒಂದು ಗಂಟೆಯೂ ನಿಲ್ಲುವುದಿಲ್ಲ. ಒದ್ದೆ ಗೋಣಿತಾಟಿನ ಕೆಳಗೆ ನಾಲ್ಕು ಪಪ್ಪಾಯಿ ಎಲೆ ಹರಡಿ ಗಿಡಗಳ ನಡುವೆ ಸಂಜೆ ಇಟ್ಟು, ಬೆಳಗ್ಗೆ ಅದನ್ನು ಎತ್ತಿ ಅಡಿಯಲ್ಲಿ ಅಡಗಿದವನ್ನು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವ ಉಪಾಯವೇ ಹೆಚ್ಚು ಫಲ ಕೊಡುತ್ತದೆ. ಆ ಉಪ್ಪುನೀರು ಮಾತ್ರ ಗಿಡದ ಬುಡಕ್ಕೆ ಚೆಲ್ಲಬಾರದು. ಎಲೆಚುಕ್ಕೆ, ಕೊಳೆ ಮುಂತಾದ ಶಿಲೀಂಧ್ರ ರೋಗಗಳಿಗೆ ಬೋರ್ಡೋ ದ್ರಾವಣವಿದೆ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ರೂಪುಗೊಂಡ ಇದು ಮಲೆನಾಡಿಗೆ ಅಡಿಕೆಯ ಕೊಳೆರೋಗದ ಬೆನ್ನುಹತ್ತಿ ಬಂತು; ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಕುರಿತ ತಮ್ಮ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದ್ದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಶೇ. 1ರ ಅಳತೆ ತೋಟದ ಮನೆಗಳಿಗೆ ಕಂಠಪಾಠ. ತೋಟಕ್ಕೆ ಮದ್ದು ಹೊಡೆಯುವ ದಿನ ಅದೇ ದ್ರಾವಣವನ್ನು ಮೊಗ್ಗು ಬರುವ ಮೊದಲು ಡೇರೆಯ ಎಲೆಗಳಿಗೂ ಒಮ್ಮೆ ಸಿಂಪಡಿಸಬಹುದು. ಹೂವಿರುವಾಗ ಸಿಂಪಡಿಸಿದರೆ ಎಸಳಿನ ಮೇಲೆ ನೀಲಿಬಿಳಿ ಕಲೆ ಉಳಿಯುತ್ತದೆ, ಅಂಥ ಹೂವು ದೇವರಿಗೂ ಮುಡಿಗೂ ಸಲ್ಲುವುದಿಲ್ಲ.

ಮನೆಯೊಳಗೆ ಹೂವಿನ ಸೊಗಸು ಉಳಿಯಬೇಕಾದರೆ ಕೊಯ್ಯುವ ಹೊತ್ತು ಮುಖ್ಯ. ಡೇರೆಯ ಮೊಗ್ಗು ಗಿಡದಿಂದ ಬೇರೆಯಾದ ಮೇಲೆ ಅರಳುವುದು ಕಡಿಮೆಯಾದ್ದರಿಂದ ಮುಕ್ಕಾಲಿಗಿಂತ ಹೆಚ್ಚು ಅರಳಿದ್ದನ್ನೇ, ಬೆನ್ನ ಎಸಳು ಇನ್ನೂ ಬಿರುಸಾಗಿರುವಾಗ, ಬೆಳಗಿನಲ್ಲಿ ಕೊಯ್ದು, ತಲೆಕೆಳಗಾಗಿ ಮೆಲ್ಲನೆ ಕೊಡವಿ ನೀರನ್ನು ಬೀಳಿಸಿ ನೀರಿನ ಪಾತ್ರೆಯಲ್ಲಿಡಬೇಕು. ನೀರನ್ನು ದಿನವೂ ಬದಲಿಸಬೇಕು. ತೊಟ್ಟು ಮುರಿದ ಹೂವುಗಳನ್ನು ಹಿತ್ತಾಳೆಯ ಅಗಲ ಪಾತ್ರೆಯಲ್ಲಿ ತೇಲಿಬಿಟ್ಟರೆ ಎರಡು ದಿನ ಚೆನ್ನಾಗಿರುತ್ತವೆ. ಡೇರೆಗೆ ಪರಿಮಳವಿಲ್ಲ ಎಂಬುದು ಅದರ ಏಕೈಕ ಕೊರತೆ. ಅದನ್ನು ತುಂಬಿಕೊಡಲು ಅದೇ ಕಾಲದಲ್ಲಿ ಬಚ್ಚಲ ನೀರು ಹರಿಯುವ ಕಡೆ ಸೊಂಪಾಗಿ ಬೆಳೆಯುವ ಸುರುಳಿ ಸುಗಂಧಿ ಇದೆ; ಶುಂಠಿಯ ಬಳಗದ ಈ ಗಿಡದ ಬಿಳಿ ಹೂವು ಸಂಜೆಗೆ ಅರಳಿ ಮನೆಯನ್ನೆಲ್ಲ ತುಂಬುತ್ತದೆ, ಒಮ್ಮೆ ನೆಟ್ಟರೆ ತೇವವಿರುವಷ್ಟು ಕಾಲ ಯಾವ ಆರೈಕೆಯನ್ನೂ ಬೇಡುವುದಿಲ್ಲ. ಚಪ್ಪರಕ್ಕೆ ಹಬ್ಬಿಸಿದ ಜಾಜಿಯೂ ಮಳೆಗಾಲದ ಹೂವೇ.

ಮಳೆಗಾಲದ ಉಳಿದ ಹೂವುಗಳಲ್ಲಿ ಕರ್ಣಕುಂಡಲಕ್ಕೆ ಯಾರ ಸಹಾಯವೂ ಬೇಡ. ಮಾಗಿದ ಕಾಯಿ ಮುಟ್ಟಿದೊಡನೆ ಸಿಡಿದು ಬೀಜ ಹಾರುವುದರಿಂದ ಕಳೆದ ವರ್ಷ ಇದ್ದೆಡೆಯಲ್ಲೇ ಮೃಗಶಿರ ಮಳೆಗೆ ನೂರಾರು ಸಸಿಗಳು ಏಳುತ್ತವೆ, ಬೇಕಾದಷ್ಟನ್ನು ಉಳಿಸಿ ಮಿಕ್ಕದ್ದನ್ನು ಕೀಳುವುದಷ್ಟೇ ಕೆಲಸ. ಬೇಲಿಯಂಚಿನ ರಥಪುಷ್ಪ ತನ್ನ ಕೆಂಪು ಗೋಪುರದಿಂದ ಚಿಟ್ಟೆಗಳನ್ನು ಕರೆಯುತ್ತದೆ. ಬೇಲಿಗೆ ಹಬ್ಬಿ, ಎಲೆಯ ತುದಿಯನ್ನೇ ಬಳ್ಳಿಕುಡಿಯಾಗಿಸಿಕೊಂಡು ಏರುವ ಅಗ್ನಿಶಿಖೆ, ಅಂದರೆ ಹಳದಿಯಿಂದ ಕೆಂಪಿಗೆ ತಿರುಗುವ ಜ್ವಾಲೆಯಂಥ ಎಸಳಿನ ಗೌರಿಹೂವು, ಹಬ್ಬಕ್ಕೆ ಒದಗುತ್ತದಾದರೂ ಒಂದು ಎಚ್ಚರಿಕೆ ಅಗತ್ಯ: ಅದರ ಗಿಡವೆಲ್ಲ ವಿಷ. ಕೋಲ್ಚಿಸಿನ್ ಎಂಬ ಕ್ಷಾರವಸ್ತು ಗಡ್ಡೆಯಲ್ಲಿ ಬಹಳ ಹೆಚ್ಚಿರುವುದರಿಂದ ಅದನ್ನು ಸುವರ್ಣಗಡ್ಡೆ, ಕೆಸುಗಳ ಹತ್ತಿರ ನೆಡಬಾರದು, ಮಕ್ಕಳಿರುವ ಮನೆಯಲ್ಲಿ ಗಡ್ಡೆ ಕಿತ್ತು ಅಂಗಳದಲ್ಲಿ ಬಿಡಬಾರದು. ಕಣಗಿಲೆಯ ಗಿಡವೂ ಪೂರ್ತಿ ವಿಷವೇ, ಅದರಲ್ಲೂ ಎಚ್ಚರ ಬೇಕು.

ಮಘೆ ಮಳೆಯ ಹೊತ್ತಿಗೆ ದೀಪಾವಳಿಯನ್ನು ನೆನೆಯಬೇಕು. ಗೋಪೂಜೆಯ ದಿನ ದನಗಳ ಕೊರಳಿಗೆ ಅಡಿಕೆ, ಪಚ್ಚೆತೆನೆ, ಚೆಂಡುಹೂಗಳ ಮಾಲೆ ಕಟ್ಟುವ ಮನೆಗಳಿಗೆ ಚೆಂಡುಹೂವು ಬುಟ್ಟಿಗಟ್ಟಲೆ ಬೇಕಾಗುತ್ತದೆ, ಬಿತ್ತಿದ ಬೀಜ ಹೂವಾಗಲು ಎರಡು ತಿಂಗಳಾದರೂ ಬೇಕು. ಆಗಸ್ಟಿನ ಉತ್ತರಾರ್ಧದಲ್ಲಿ ಸೂರಿನಡಿ ತಟ್ಟೆಯಲ್ಲಿ ಬಿತ್ತಿ, ಸೆಪ್ಟೆಂಬರಿನಲ್ಲಿ ಮಳೆ ಕಡಿಮೆಯಾದಾಗ ಬಯಲಿಗೆ ನಾಟಿಮಾಡಿದರೆ ಲೆಕ್ಕ ಸರಿಹೊಂದುತ್ತದೆ. ಡೇರೆಯಂತೆಯೇ ಚೆಂಡುಹೂವೂ ಮೆಕ್ಸಿಕೋದಿಂದ ಬಂದದ್ದು. ಇಷ್ಟರಲ್ಲಿ ಪಾರಿಜಾತ ಬೆಳಗಿನ ಅಂಗಳಕ್ಕೆ ಉದುರತೊಡಗಿರುತ್ತದೆ. ಅದರ ಕೆಳಗೆ ಹಿಂದಿನ ಸಂಜೆಯೇ ಒಂದು ಹಳೆಯ ಬಟ್ಟೆ ಹಾಸಿಟ್ಟರೆ ಹೂವಿಗೆ ಮಣ್ಣಂಟದು.

ಮಳೆ ಹಿಂದೆ ಸರಿದ ಮೇಲೆ ಡೇರೆಯ ಎಲೆಗಳಿಗೆ ಬೂದಿರೋಗ ಬೀಳುತ್ತದೆ, ಗಿಡ ಸೊರಗಿದಂತೆ ಕಾಣುತ್ತದೆ. ಇದನ್ನು ಕಂಡು ಅವಸರದಿಂದ ಕಿತ್ತುಹಾಕುವುದು ಬಹಳ ಮನೆಗಳಲ್ಲಿ ನಡೆಯುವ ತಪ್ಪು. ಹಗಲು 12 ಗಂಟೆಗಿಂತ ಕಿರಿದಾಗುವ ಈ ದಿನಗಳಲ್ಲೇ ಗಿಡ ತನ್ನ ಸತ್ವವನ್ನು ಕೆಳಕ್ಕಿಳಿಸಿ ಗಡ್ಡೆಯನ್ನು ದಪ್ಪಗೊಳಿಸುವುದು. ಎಲೆ ಹಸಿರಿರುವವರೆಗೆ ಅದನ್ನು ಬಿಟ್ಟಿರಬೇಕು. ನವೆಂಬರ್–ಡಿಸೆಂಬರಿನಲ್ಲಿ ಕಾಂಡ ಪೂರ್ತಿ ಒಣಗಿದ ಮೇಲೆ ಒಂದು ಗೇಣು ಬಿಟ್ಟು ಕತ್ತರಿಸಿ, ಗೊಂಚಲನ್ನು ಕತ್ತು ಮುರಿಯದಂತೆ ಎತ್ತಿ, ನೆರಳಿನಲ್ಲಿ ಎರಡು ಮೂರು ದಿನ ಆರಿಸಿ, ಒಣ ಮರಳು ಅಥವಾ ತೆಂಗಿನ ನಾರಿನ ಪುಡಿ ತುಂಬಿದ ಬುಟ್ಟಿಯಲ್ಲಿ ಹೂತು ಗಾಳಿಯಾಡುವ ತಂಪಿನ ಮೂಲೆಯಲ್ಲಿಡಬೇಕು. ಹೆಂಚಿನ ಕೆಳಗಿನ ಅಟ್ಟ ಇಲಿಯಿಂದ ದೂರವಿದ್ದರೂ ಮಾರ್ಚ್ ತಿಂಗಳ ಕಾವಿಗೆ ಗಡ್ಡೆ ಸುಕ್ಕಿಹೋಗುವುದರಿಂದ ಅಲ್ಲಿಡುವವರು ತಿಂಗಳಿಗೊಮ್ಮೆ ನೋಡಿ ತುಸು ನೀರು ಚಿಮುಕಿಸಬೇಕು. ಚೀಲದಲ್ಲಿ ಬೆಳೆದವನ್ನು ಕೀಳುವ ಗೋಜೇ ಇಲ್ಲದೆ, ಚೀಲಸಮೇತ ಕೊಟ್ಟಿಗೆಯ ಬದಿಗೆ ಸಾಲಾಗಿ ಸರಿಸಿಬಿಡುವವರೂ ಇದ್ದಾರೆ, ಅವರ ಗಡ್ಡೆಗಳು ಹೆಚ್ಚಾಗಿ ಚೆನ್ನಾಗಿಯೇ ಉಳಿಯುತ್ತವೆ.

ಚಳಿಗಾಲದ ಅಂಗಳದಲ್ಲಿ ಅಡಿಕೆಯ ಹರವು, ಚಪ್ಪರ, ಸುಲಿಯುವವರ ಓಡಾಟಗಳ ನಡುವೆ ಹೂವಿಗೆ ಉಳಿಯುವುದು ಪಾಗಾರದ ಅಂಚು ಮತ್ತು ಮೆಟ್ಟಿಲ ಬದಿ. ಅಲ್ಲಿಗೆ ಸೇವಂತಿಗೆಯೂ ಗೋರಂಟೆಯೂ ತಕ್ಕವು. ಗೋರಂಟೆ ತಾನಾಗಿ ಹೂಬಿಡುವ ಪೊದೆ. ಸೇವಂತಿಗೆಯ ವಿಚಾರದಲ್ಲಿ ಮಾತ್ರ, ಎಷ್ಟು ಗೊಬ್ಬರ ಹಾಕಿದರೂ ಮೊಗ್ಗೇ ಬರಲಿಲ್ಲವೆಂಬ ದೂರು ಆಗಾಗ ಕೇಳಿಬರುತ್ತದೆ. ಇದಕ್ಕೆ ಕಾರಣ ಹಲವು ಸಲ ಜಗಲಿಯ ದೀಪವೇ ಆಗಿರುತ್ತದೆ. ಸೇವಂತಿಗೆ ದೀರ್ಘರಾತ್ರಿಯ ಗಿಡ, ಅಂದರೆ ಎಡೆಬಿಡದ ಕತ್ತಲು ಸಾಕಷ್ಟು ಹೊತ್ತು ದೊರೆತಾಗ ಮಾತ್ರ ಮೊಗ್ಗು ಕಟ್ಟುವ ಸ್ವಭಾವದ್ದು. ಹೊಲದಲ್ಲಿ ಬೆಳೆಯುವವರು ಪೇಟೆಗೆ ತಕ್ಕಂತೆ ಹೂವನ್ನು ತಡಮಾಡಿಸಲು ರಾತ್ರಿ ಬಲ್ಬು ಉರಿಸುವುದು ಇದೇ ತತ್ವದ ಮೇಲೆ. ಅಡಿಕೆ ಸುಲಿಯುವ ಕಾಲದಲ್ಲಿ ಅಂಗಳದ ದೀಪ ರಾತ್ರಿ ಬಹಳ ಹೊತ್ತು ಉರಿಯುವುದರಿಂದ, ಸೇವಂತಿಗೆಯ ಕುಂಡಗಳನ್ನು ಸೆಪ್ಟೆಂಬರಿನಿಂದಲೇ ಬೆಳಕು ಬೀಳದ ಹಿತ್ತಿಲ ಕಡೆಗಿಟ್ಟು, ಮೊಗ್ಗು ಬಣ್ಣ ತೋರಿದ ಮೇಲೆ ಮುಂದಕ್ಕೆ ತಂದರೆ ಸಾಕು. ಹೂವು ಮುಗಿದ ಮೇಲೆ ಬುಡದ ಸುತ್ತ ಏಳುವ ಹಿಳ್ಳುಗಳನ್ನು ಬೇಸಿಗೆಯುದ್ದಕ್ಕೂ ನೆರಳಿನಲ್ಲಿ ಬದುಕಿಸಿಕೊಂಡು ಮೃಗಶಿರದಲ್ಲಿ ಬೇರ್ಪಡಿಸಬೇಕು.

ಬೇಸಿಗೆ ಪರಿಮಳದ ಕಾಲ. ದುಂಡುಮಲ್ಲಿಗೆಯನ್ನು ಡಿಸೆಂಬರಿನಲ್ಲಿ ನೀರು ನಿಲ್ಲಿಸಿ ಒಣಗಗೊಟ್ಟು, ಜನವರಿ ಮೊದಲಿಗೆ ಮೊಣಕಾಲೆತ್ತರಕ್ಕೆ ಸವರಿ, ಬುಡ ಬಿಡಿಸಿ ಗೊಬ್ಬರ ಕೊಟ್ಟು ಮತ್ತೆ ನೀರುಣಿಸಿದರೆ ಮಾರ್ಚ್‌ನಿಂದ ಮೊಗ್ಗು ಸುರಿಯುತ್ತದೆ. ಸವರಲು ಮನಸ್ಸಾಗದೆ ಬಿಟ್ಟ ಬಳ್ಳಿ ಹೂವಿಗಿಂತ ಎಲೆಯನ್ನೇ ಹೆಚ್ಚು ಕೊಡುತ್ತದೆ. ಸುರಗಿ ಮತ್ತು ರಂಜದ ಮರಗಳು ಅಂಗಳದವಲ್ಲ, ಕಾನಿನಂಚಿನವು, ಆದರೆ ಇವೆರಡರ ಹೂವೂ ಒಣಗಿದ ಮೇಲೂ ಪರಿಮಳ ಬಿಡದಿರುವುದರಿಂದ ಬಾಳೆನಾರಿನಲ್ಲಿ ಪೋಣಿಸಿ ನೆರಳಿನಲ್ಲಿ ಆರಿಸಿದ ಸರವನ್ನು ಬಟ್ಟೆಯ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಡಬಹುದು. ಹಿತ್ತಿಲು ದೊಡ್ಡದಿರುವವರು ಒಂದು ರಂಜದ ಸಸಿಯನ್ನಾದರೂ ನೆಡುವುದು ಒಳ್ಳೆಯದು, ಹೂವು ಕಾಣಲು ಹಲವು ವರ್ಷ ಕಾಯಬೇಕಾದರೂ ಸರಿಯೇ. ಬೇಸಿಗೆಯ ಕೊನೆಗೆ ಮರಗಳ ಮೇಲೆ ತೂಗುವ ಸೀತಾಳೆ ದಂಡೆಯ ವಿಚಾರದಲ್ಲಿ ಸ್ವಲ್ಪ ಸಂಯಮ ಬೇಕು. ಇದು ಆರ್ಕಿಡ್ ಜಾತಿಯ ಮರವಾಸಿ ಗಿಡ. ಆಶ್ರಯಕ್ಕಾಗಿ ಮಾತ್ರ ಮರವನ್ನು ಅಪ್ಪಿಕೊಂಡು ನೀರನ್ನೂ ಆಹಾರವನ್ನೂ ಗಾಳಿ, ಮಳೆ, ಕೊಳೆತ ತೊಗಟೆಗಳಿಂದ ಪಡೆಯುತ್ತದಾದ್ದರಿಂದ ಬಂದಳಿಕೆಯಂತೆ ಮರದ ಸಾರ ಹೀರುವುದಿಲ್ಲ. ಕಾಡಿನ ಮರದಿಂದ ಕಿತ್ತು ತಂದವು ಮನೆಯಲ್ಲಿ ಬಹುಪಾಲು ಸಾಯುತ್ತವೆ. ಗಾಳಿಗೆ ಮುರಿದುಬಿದ್ದ ಕೊಂಬೆಯ ಮೇಲಿದ್ದದ್ದನ್ನು ಮಾತ್ರ ತಂದು, ಅಂಗಳದ ಮಾವು ಅಥವಾ ಹಲಸಿನ ಒರಟು ತೊಗಟೆಗೆ, ಬೆಳಗಿನ ಬಿಸಿಲು ತಾಗುವ ಮಗ್ಗುಲಿನಲ್ಲಿ ತೆಂಗಿನ ನಾರಿನಿಂದ ಕಟ್ಟಿದರೆ ಒಂದು ಮಳೆಗಾಲದಲ್ಲಿ ಬೇರು ಹಿಡಿಯುತ್ತದೆ. ಮಣ್ಣಿನ ಕುಂಡದಲ್ಲಿ ಹೂತರೆ ಕೊಳೆಯುತ್ತದೆ.

ಮೇ ತಿಂಗಳಲ್ಲಿ ಮೊದಲ ಅಡ್ಡಮಳೆಗೆ ಎಲೆಗಿಂತ ಮೊದಲೇ ಕೆಂಪು ಚೆಂಡಿನಂತೆ ನೆಲದಿಂದೇಳುವ ಮೇ ಫ್ಲವರ್, ಆಫ್ರಿಕದ ಮೂಲದ ಗಡ್ಡೆ ಗಿಡ, ಡೇರೆಯ ಗಡ್ಡೆಗಳನ್ನು ಹೊರತೆಗೆಯುವ ಸಮಯವಾಯಿತೆಂಬುದಕ್ಕೆ ನಂಬಲರ್ಹ ಸೂಚನೆ. ಬುಟ್ಟಿಯನ್ನು ಬಿಚ್ಚಿದಾಗ ಕೊಳೆತವು, ಸುಕ್ಕಿದವು ಕೆಲವು ಇದ್ದೇ ಇರುತ್ತವೆ; ಗುರುತಿನ ಚೀಟಿ ಅಳಿಸಿಹೋಗಿ ಕೆಂಪು ಯಾವುದು ಬಿಳಿ ಯಾವುದು ತಿಳಿಯದೆ ಹೋಗುವುದೂ ಸಾಮಾನ್ಯ, ಆದ್ದರಿಂದ ಕಾಗದದ ಬದಲು ಹಳೆಯ ಪ್ಲಾಸ್ಟಿಕ್ ಡಬ್ಬಿಯ ಪಟ್ಟಿಯ ಮೇಲೆ ಸೀಸದ ಕಡ್ಡಿಯಿಂದ ಬರೆದು ಕಾಂಡಕ್ಕೆ ಕಟ್ಟುವುದು ಲೇಸು. ಮೊಳೆತ ಗೊಂಚಲಿನಲ್ಲಿ ಮನೆಗೆ ಬೇಕಾದ್ದಕ್ಕಿಂತ ಹೆಚ್ಚು ಗಡ್ಡೆಗಳು ಸಿಗುವುದರಿಂದ ಮಿಕ್ಕವನ್ನು ನೆಂಟರಿಗೂ ನೆರೆಯವರಿಗೂ ಹಂಚುವ ವಾಡಿಕೆ ಈ ಸೀಮೆಯಲ್ಲಿ ಹಿಂದಿನಿಂದ ನಡೆದುಬಂದಿದೆ. ನೆರೆಯ ಶಿರಸಿಯಲ್ಲಿ ವನಸ್ತ್ರೀ ಎಂಬ ಬೀಜ ಸಂರಕ್ಷಕ ಮಹಿಳೆಯರ ಸಂಸ್ಥೆ ನಡೆಸುವ ಮಲೆನಾಡು ಮೇಳದಲ್ಲಿ ಬೀಜ, ಗಡ್ಡೆ, ಸಸಿಗಳ ಇಂಥ ಕೊಡುಕೊಳ್ಳುವಿಕೆ ಸಾರ್ವಜನಿಕವಾಗಿಯೇ ಆಗುತ್ತದೆ. ಈ ಹಂಚಿಕೆಯಲ್ಲಿ ಸೌಜನ್ಯದಷ್ಟೇ ವ್ಯಾವಹಾರಿಕ ಲಾಭವೂ ಇದೆ. ಒಂದು ಅತಿವೃಷ್ಟಿಯ ವರ್ಷದಲ್ಲಿ ಮನೆಯ ಗಡ್ಡೆಗಳೆಲ್ಲ ಕೊಳೆತುಹೋದರೂ ಅದೇ ಜಾತಿ ಇಳಿಜಾರಿನ ಬೇರೊಂದು ಅಂಗಳದಲ್ಲೋ, ಮಳೆ ಕಡಿಮೆಯಿರುವ ರಿಪ್ಪನ್‌ಪೇಟೆ ಕಡೆಯ ನೆಂಟರ ಹಿತ್ತಿಲಲ್ಲೋ ಉಳಿದಿರುತ್ತದೆ, ಮುಂದಿನ ರೋಹಿಣಿ ಮಳೆಗೆ ಅಲ್ಲಿಂದ ಒಂದು ಗಡ್ಡೆ ಕೇಳಿ ತರಬಹುದು.